ಟ್ರಂಕಿನಲ್ಲಿರುವ ಕಾಗದ: ಚಿತ್ರಕಥೆ ಬರೆಯುವವರ ಪ್ರಶ್ನೆಗಳಿಗೆ ಉತ್ತರ

ಚಿತ್ರಕಥೆ, ಸಂಭಾಷಣೆಯ ಬಗ್ಗೆ ಕೇಳುವುದಿದ್ದರೆ ಬರೆದು ಕಳುಹಿಸಿ ಎಂದು ಸಂಪಾದಕರು ಕಳೆದ ತಿಂಗಳು ಪ್ರಕಟಿಸಿದ್ದರು. ಒಂದು ಚೀಲದ ತುಂಬ ಪತ್ರಗಳು ಬಂದಿವೆ. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಪ್ರಶ್ನೆಯ ಬದಲು ಇಡೀ ಕಥೆಯೇ ಇದೆ. ಅವನ್ನು ನಾನು ಓದಿಲ್ಲ, ಓದುವುದೂ ಇಲ್ಲ. ಏಕೆ ಎಂಬುದು ಮೊದಲ ಉತ್ತರದಲ್ಲೇ ಗೊತ್ತಾಗುತ್ತದೆ.

ನನ್ನ ಅರ್ಹತೆ ಕೇಳುವವರಿಗೆ ಒಂದು ಮಾತು. 1983ರಲ್ಲಿ ಗಾಂಧಿನಗರದ ಹಿರಿಯ ಸಂಭಾಷಣೆಕಾರರೊಬ್ಬರ ಬಳಿ ಪ್ರತಿ ಮಾಡುವ ಹುಡುಗನಾಗಿ ಸೇರಿದವನು ನಾನು. ಅವರು ಬರೆದದ್ದನ್ನು ಕಾರ್ಬನ್ ಇಟ್ಟು, ಒತ್ತಿ ಬರೆದು, ನಾಲ್ಕು ಪ್ರತಿ ತೆಗೆಯುವುದು ಕೆಲಸ. ನಾಲ್ಕನೆಯ ಪ್ರತಿ ಮಸುಕಾಗಿ ಮೂಡುತ್ತಿತ್ತು. ಅದು ಒಂದೆರಡು ಮಾತಿರುವ ಪಾತ್ರಧಾರಿಗಳಿಗೆ ಹೋಗುತ್ತಿತ್ತು. ನನ್ನ ಬಲಗೈಯ ನಡುಬೆರಳಿನಲ್ಲಿ ಆಗ ಎದ್ದ ಗಂಟು ಇನ್ನೂ ಇದೆ.

ನಾನು ಬ್ಯಾಂಕ್ ಉದ್ಯೋಗಿ. ನನ್ನ ಬಳಿ ಅದ್ಭುತವಾದ ಕಥೆಯೊಂದಿದೆ. ನಿರ್ಮಾಪಕರಿಗೆ ಹೇಳಿದರೆ ಕದ್ದುಬಿಡುತ್ತಾರೆ ಎಂದು ಸ್ನೇಹಿತರು ಹೆದರಿಸುತ್ತಾರೆ. ಹೇಳುವ ಮೊದಲು ಅದನ್ನು ಎಲ್ಲಿ ನೋಂದಾಯಿಸಬೇಕು?
*ಓದುಗ, ಹಾವೇರಿ*

ಎಷ್ಟು ಪುಟ ಬರೆದಿದ್ದೀರಿ ಎಂದು ನೀವು ತಿಳಿಸಿಲ್ಲ. ಬರೆದೇ ಇಲ್ಲ ಎಂಬುದು ನನ್ನ ಊಹೆ. ಹಾಗಿದ್ದರೆ ನಿಮ್ಮ ಬಳಿ ಇರುವುದು ಕಥೆಯ ಎಳೆ, ಗಾಂಧಿನಗರದ ಭಾಷೆಯಲ್ಲಿ ಒನ್‌ಲೈನ್. ಎಳೆಗೆ ಕಾನೂನಿನಲ್ಲಿ ಒಡೆಯನಿಲ್ಲ. ಆರ್.ಜಿ. ಆನಂದ್ ಎಂಬ ನಾಟಕಕಾರರು 1956ರ ಹಿಂದಿ ಚಿತ್ರವೊಂದು ತಮ್ಮ ನಾಟಕದ ನಕಲು ಎಂದು ದಾವೆ ಹೂಡಿದ್ದರು. ಎರಡರಲ್ಲೂ ವಿಷಯ ಪ್ರಾಂತೀಯ ಅಭಿಮಾನವೇ, ಬೇರೆ ಬೇರೆ ಪ್ರಾಂತದ ಹುಡುಗ ಹುಡುಗಿಯರ ಪ್ರೇಮವೇ. ಆದರೂ 1978ರಲ್ಲಿ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪಿತ್ತಿತು. ವಿಷಯಕ್ಕೆ, ಕಲ್ಪನೆಗೆ ಹಕ್ಕುಸ್ವಾಮ್ಯವಿಲ್ಲ. ಅದನ್ನು ಕಟ್ಟಿದ ರೀತಿಗೆ ಮಾತ್ರ ಇದೆ ಎಂದಿತು. ಇಂದಿಗೂ ಕೋರ್ಟಿಗೆ ಹೋದ ಪ್ರತಿಯೊಬ್ಬ ಕಥೆಗಾರನ ಎದುರು ಈ ತೀರ್ಪನ್ನು ತಂದಿಡುತ್ತಾರೆ.

ಆದ್ದರಿಂದ ಮೊದಲು ಕೂತು ಬರೆಯಿರಿ. ಬರೆದ ಕ್ಷಣದಿಂದ ಹಕ್ಕು ನಿಮ್ಮದು. ನೋಂದಣಿ ಅದಕ್ಕೆ ಸಾಕ್ಷಿಯಷ್ಟೇ. ದೆಹಲಿಯ ಕಾಪಿರೈಟ್ ಕಚೇರಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಆಕ್ಷೇಪಣೆ ಬರಲಿ ಎಂದು 30 ದಿನ ಕಾಯುತ್ತಾರೆ, ಆಮೇಲೆ ಪರಿಶೀಲನೆ. ಮುಂಬೈಯಲ್ಲಿರುವ ಚಿತ್ರಕಥೆಗಾರರ ಸಂಘ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಕೂಡ ತನ್ನ ಸದಸ್ಯರ ಬರಹವನ್ನು ನೋಂದಾಯಿಸಿಕೊಳ್ಳುತ್ತದೆ. ನಮ್ಮ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನಡೆಯುವುದು ನಿರ್ಮಾಪಕರ ಶೀರ್ಷಿಕೆ ನೋಂದಣಿ. ಶೀರ್ಷಿಕೆ ಕಥೆಯಲ್ಲ, ಇವೆರಡನ್ನು ಗೊಂದಲ ಮಾಡಿಕೊಂಡು ಮಂಡಳಿಯ ಮೆಟ್ಟಿಲು ಹತ್ತಿದವರನ್ನು ಬೇಕಾದಷ್ಟು ನೋಡಿದ್ದೇನೆ. ಇನ್ನು ಬರೆದದ್ದನ್ನು ಲಕೋಟೆಯಲ್ಲಿ ಹಾಕಿ ತನಗೆ ತಾನೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿಕೊಂಡು ಒಡೆಯದೆ ಇಡುವ ಹಳೆಯ ಉಪಾಯ. ನನ್ನ ಟ್ರಂಕಿನಲ್ಲೂ ಅಂಥ ಆರು ಲಕೋಟೆಗಳಿವೆ. ಕೋರ್ಟಿನಲ್ಲಿ ಅವುಗಳ ತೂಕ ಅಂಚೆಚೀಟಿಯ ತೂಕದಷ್ಟೇ ಎಂದು ವಕೀಲರೊಬ್ಬರು ಹೇಳಿದ ಮೇಲೆ ಏಳನೆಯದನ್ನು ಕಳುಹಿಸಲಿಲ್ಲ.

ಎಲ್ಲಕ್ಕಿಂತ ಅಗ್ಗದ ಉಪಾಯವೊಂದಿದೆ. ಕಥೆ ಹೇಳಿ ಬಂದ ಸಂಜೆಯೇ ನಿರ್ಮಾಪಕರಿಗೆ ಒಂದು ಇ-ಮೇಲ್ ಹಾಕಿ: 'ಈ ದಿನ ಬೆಳಗ್ಗೆ ನಿಮಗೆ ಹೇಳಿದ ಕಥೆಯ ಸಾರಾಂಶ ಇದರೊಂದಿಗಿದೆ, ಸಮಯ ಕೊಟ್ಟಿದ್ದಕ್ಕೆ ವಂದನೆಗಳು.' ವಿನಯವೂ ಆಯಿತು, ದಿನಾಂಕವೂ ಆಯಿತು.

ಇದನ್ನೆಲ್ಲ ನಾನು ಕಲಿತದ್ದು ಪೆಟ್ಟು ತಿಂದ ಮೇಲೆ. 1994ರಲ್ಲಿ ಗಾಂಧಿನಗರದ ಹೋಟೆಲ್ ಕೋಣೆಯೊಂದರಲ್ಲಿ ಒಬ್ಬ ನಿರ್ಮಾಪಕರಿಗೆ ಕಥೆ ಹೇಳಿದೆ. ಅದರಲ್ಲೊಂದು ದೃಶ್ಯ: ಮದುವೆ ಮುಗಿದಿದೆ, ಮಗಳನ್ನು ಗಂಡನ ಮನೆಗೆ ಕಳುಹಿಸಿಕೊಡುವ ಹೊತ್ತು. ಎಲ್ಲರೂ ತಂದೆಯನ್ನು ಹುಡುಕುತ್ತಿದ್ದಾರೆ. ಅವನು ಛತ್ರದ ಅಡುಗೆಮನೆಯಲ್ಲಿ ಬಾಡಿಗೆ ಪಾತ್ರೆಗಳನ್ನು ಎಣಿಸುತ್ತಾ ನಿಂತಿದ್ದಾನೆ. ಒಂದು ಕೊಳಗ ಕಡಿಮೆ ಬಂದಿದೆ. ಹೊರಗೆ ಕಾರು ಹಾರ್ನ್ ಮಾಡುತ್ತದೆ. ಅವನು ಮತ್ತೆ ಮೊದಲಿನಿಂದ ಎಣಿಸುತ್ತಾನೆ. ನಿರ್ಮಾಪಕರು ಕಣ್ಣೊರೆಸಿಕೊಂಡರು, ಕಾಫಿ ತರಿಸಿದರು, ನೋಡೋಣ ಎಂದರು. ಎರಡು ವರ್ಷದ ಬಳಿಕ ಬೇರೊಂದು ಚಿತ್ರ ನೋಡುತ್ತಾ ಕೂತಿದ್ದೆ. ಛತ್ರ, ತಂದೆ, ಪಾತ್ರೆ ಎಲ್ಲವೂ ಪರದೆಯ ಮೇಲೆ ಬಂದವು. ಬದಲಾವಣೆ ಒಂದೇ: ಕೊಳಗದ ಜಾಗದಲ್ಲಿ ಸೌಟು. ಮರುದಿನ ನನ್ನ ಗುರುಗಳ ಬಳಿ ಓಡಿದೆ. ಅವರು ಪೂರ್ತಿ ಕೇಳಿ, 'ಎಲ್ಲಿ ಬರೆದಿದ್ದೀಯ, ತೋರಿಸು' ಎಂದರು. ನಾನು ಎಲ್ಲಿಯೂ ಬರೆದಿರಲಿಲ್ಲ. ಬಾಯಲ್ಲಿ ಚೆನ್ನಾಗಿ ಹೇಳುತ್ತೇನೆಂಬ ಹಮ್ಮು ಇತ್ತು. ಹಸ್ತಪ್ರತಿಯಿಲ್ಲದ ದೂರನ್ನು ಯಾರ ಮುಂದೆ ಹೇಳುವುದು?

ನಿಮ್ಮೆಲ್ಲರ ಕಥೆಗಳನ್ನು ನಾನು ಓದದೆ ಇಟ್ಟಿರುವುದೂ ಇದೇ ಕಾರಣಕ್ಕೆ. ನಾಳೆ ನಾನು ಬರೆಯುವುದರಲ್ಲಿ ನಿಮ್ಮದರ ನೆರಳು ಬಿದ್ದರೆ ಆಗ ಕಳ್ಳ ನಾನಾಗುತ್ತೇನೆ.

ನಾನು ಪ್ರೌಢಶಾಲಾ ಶಿಕ್ಷಕಿ. ಚಿತ್ರಕಥೆಯೊಂದನ್ನು ಬರೆದು ಪರಿಚಯದ ನಿರ್ದೇಶಕರಿಗೆ ಕೊಟ್ಟೆ. 'ಇದು ಕಾದಂಬರಿ, ಚಿತ್ರಕಥೆಯಲ್ಲ' ಎಂದು ಹಿಂತಿರುಗಿಸಿದರು. ಒಂದು ಭಾಗವನ್ನು ಕಳುಹಿಸಿದ್ದೇನೆ. ಎಲ್ಲಿ ತಪ್ಪಿದ್ದೇನೆ?
*ಓದುಗರು, ಸಿರಸಿ*

ಕಥೆ ಓದುವುದಿಲ್ಲ ಎಂದವನು ನಿಮ್ಮ ಒಂದು ಪುಟ ಓದಿದ್ದೇನೆ; ತಿದ್ದಲೆಂದೇ ಕಳುಹಿಸಿದ್ದೀರಿ, ಅದಕ್ಕೆ. ನಿಮ್ಮ ಸಾಲುಗಳು ಹೀಗಿವೆ: 'ಹತ್ತು ವರ್ಷಗಳ ದಾಂಪತ್ಯದಲ್ಲಿ ಗಂಡನ ಮೇಲೆ ಅವಳಿಗಿದ್ದ ನಂಬಿಕೆ ಆ ದಿನ ಕುಸಿದುಬಿದ್ದಿತು. ಆದರೂ ಅವನಿಗೆ ಏನೂ ಹೇಳದೆ, ಎಲ್ಲವನ್ನೂ ಒಡಲಲ್ಲಿಟ್ಟುಕೊಂಡು ಬದುಕಬೇಕೆಂದು ಅವಳು ನಿರ್ಧರಿಸಿದಳು.'

ಕನ್ನಡ ಚೆನ್ನಾಗಿದೆ. ಆದರೆ ಛಾಯಾಗ್ರಾಹಕ ಕ್ಯಾಮೆರಾ ಎಲ್ಲಿಡಬೇಕು? ನಂಬಿಕೆ ಯಾವ ಕಡೆಯಿಂದ ಕುಸಿಯುತ್ತದೆ? ನಿರ್ಧಾರ ಹೇಗೆ ಕಾಣಿಸುತ್ತದೆ? ನಟಿ ಏನು ಮಾಡಬೇಕು, ಗೋಡೆ ಹಿಡಿದು ನಿಟ್ಟುಸಿರು ಬಿಡಬೇಕೇ? ನೀವು ಕೊಡದಿದ್ದರೆ ಅವಳು ಅದನ್ನೇ ಮಾಡುತ್ತಾಳೆ, ಹಿನ್ನೆಲೆಯಲ್ಲಿ ಪಿಟೀಲು ಅಳುತ್ತದೆ.

ನಿಮ್ಮ ಕಥೆಯ ಗಂಡ ಅಡಿಕೆ ತೋಟದವನು, ಅವಳಿಗೆ ತಿಳಿಸದೆ ಅವಳ ಒಡವೆ ಗಿರವಿ ಇಟ್ಟಿದ್ದಾನೆ ಎಂದು ಮೇಲಿನ ಟಿಪ್ಪಣಿಯಿಂದ ತಿಳಿಯಿತು. ನಾನಾದರೆ ಹೀಗೆ ಬರೆಯುತ್ತಿದ್ದೆ:

ದೃಶ್ಯ 14. ಹಿತ್ತಲು. ಬೆಳಗು.
ಬಟ್ಟೆ ಒಗೆಯುವ ಕಲ್ಲು. ಪಕ್ಕದಲ್ಲಿ ಬಕೆಟ್, ಹೊಸದಾಗಿ ಬಿಚ್ಚಿದ ಸೋಪಿನ ಬಿಲ್ಲೆ. ಅವಳು ಗಂಡನ ಅಂಗಿಯ ಜೇಬಿಗೆ ಕೈಹಾಕಿ ಖಾಲಿ ಮಾಡುತ್ತಾಳೆ. ಬಸ್ ಟಿಕೆಟ್. ಎರಡು ಹೋಳು ಅಡಿಕೆ. ನಾಲ್ಕಾಗಿ ಮಡಿಸಿದ ಚೀಟಿ. ಚೀಟಿಯನ್ನು ಎಸೆಯಹೋದವಳು ಬಿಡಿಸುತ್ತಾಳೆ. ಗಿರವಿ ಅಂಗಡಿಯ ರಸೀದಿ. ಓದುತ್ತಾಳೆ. ಕೈ ತನ್ನಷ್ಟಕ್ಕೆ ಕುತ್ತಿಗೆಗೆ ಹೋಗುತ್ತದೆ; ಅಲ್ಲಿ ಕರಿಮಣಿ ಸರ ಮಾತ್ರ. ಚೀಟಿಯನ್ನು ಮೊದಲಿದ್ದ ಮಡಿಕೆಯ ಗುರುತಿನಲ್ಲೇ ಮಡಿಸುತ್ತಾಳೆ. ಅಡಿಕೆ ಹೋಳು, ಟಿಕೆಟ್, ಚೀಟಿ ಮೂರನ್ನೂ ಜೇಬಿಗೆ ಹಾಕಿ ಅಂಗಿಯನ್ನು ಒಳಗೆ ಒಯ್ಯುತ್ತಾಳೆ.

ದೃಶ್ಯ 15. ಮನೆಯ ಒಳಗೆ. ಸಂಜೆ.
ಮೊಳೆಗೆ ತೂಗುಹಾಕಿದ ಅದೇ ಅಂಗಿ.
ಗಂಡ: ಅಂಗಿ ಒಗೆಯಲಿಲ್ಲವೇ?
ಅವಳು: ಸೋಪು ಮುಗಿದಿದೆ.
ಗಂಡನ ಕೈ ಅಂಗಿಯ ಜೇಬನ್ನು ಮುಟ್ಟಿ ನೋಡುತ್ತದೆ. ಚೀಟಿ ಅಲ್ಲೇ ಇದೆ. ಅವನ ಮುಖ ಹಗುರಾಗುತ್ತದೆ.
ಗಂಡ: ನಾಳೆ ಪೇಟೆಯಿಂದ ತರುತ್ತೇನೆ.

ನಂಬಿಕೆ ಎಂಬ ಪದ ಎಲ್ಲಿಯೂ ಬಂದಿಲ್ಲ. ಸೋಪಿನ ಬಿಲ್ಲೆಯನ್ನು ಪ್ರೇಕ್ಷಕರು ನೋಡಿದ್ದಾರೆ. ಅವಳು ಸುಳ್ಳು ಹೇಳಿದ್ದು ಅವರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಹತ್ತು ವರ್ಷದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಬಹುಶಃ ಇದೇ. ಇನ್ನು ಮುಂದೆ ಆ ಮನೆಯಲ್ಲಿ ಸೋಪು ಕಾಣಿಸಿದಾಗಲೆಲ್ಲ ಚಿತ್ರಮಂದಿರದಲ್ಲಿ ಒಂದು ಸಣ್ಣ ಸಂಚಲನವಾಗುತ್ತದೆ. ಕೊನೆಯಲ್ಲಿ ಅವಳು ಮನೆ ಬಿಟ್ಟು ಹೋಗುವುದಾದರೆ ಆ ಅಂಗಿಯನ್ನು ಒಗೆದು, ಒಣಗಿಸಿ, ಮಡಿಸಿಟ್ಟು ಹೋಗಲಿ. ಜೇಬಿನಲ್ಲಿ ಏನಿರಬೇಕೆಂದು ನೀವೇ ಯೋಚಿಸಿ.

ಇನ್ನೊಂದು ಸಣ್ಣ ತಕರಾರು. ನಿಮ್ಮ ಗಂಡನ ಪಾತ್ರ ಬರೀ ದುಷ್ಟ. ಆ ಹಣ ಅವನಿಗೆ ಯಾತಕ್ಕೆ ಬೇಕಾಯಿತು? ಕೊಳೆರೋಗಕ್ಕೆ ಫಸಲು ಉದುರಿತೇ, ತಂಗಿಯ ಗಂಡ ಬಂದು ಕೂತಿದ್ದನೇ? ನಿಮ್ಮ ಊರಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅವನ ಕಾರಣ ನಮಗೆ ತಿಳಿದರೆ ಅವಳ ಮೌನದ ಭಾರ ಹೆಚ್ಚುತ್ತದೆ.

ಚಿತ್ರಕಥೆ ಬರೆಯಲು ಯಾವ ಸಾಫ್ಟ್‌ವೇರ್ ಒಳ್ಳೆಯದು? ಒಂದು ಪುಟ ಎಂದರೆ ಒಂದು ನಿಮಿಷ ಎನ್ನುತ್ತಾರೆ, ನಿಜವೇ?
*ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ*

ಆ ಲೆಕ್ಕ ಇಂಗ್ಲಿಷಿನಲ್ಲಿ, ಕೊರಿಯರ್ ಎಂಬ ಅಕ್ಷರದ 12 ಪಾಯಿಂಟ್ ಗಾತ್ರದಲ್ಲಿ, ನಿಗದಿಯಾದ ಅಂಚು ಬಿಟ್ಟು ಬರೆದಾಗ ಸುಮಾರಾಗಿ ಹೊಂದುತ್ತದೆ. ಕನ್ನಡದ ಒತ್ತಕ್ಷರಗಳಿಗೆ ಆ ಅಳತೆ ಒಗ್ಗುವುದಿಲ್ಲ. ನಮ್ಮಲ್ಲಿ ಹಳಬರು ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ ಎಡಕ್ಕೆ ಕಾಣುವುದನ್ನು, ಬಲಕ್ಕೆ ಕೇಳುವುದನ್ನು ಬರೆಯುತ್ತಿದ್ದರು. ನಾನು ಈಗಲೂ ಹಾಗೆಯೇ. ಬಲಭಾಗ ತುಂಬಿ ಎಡಭಾಗ ಖಾಲಿ ಉಳಿದರೆ ನೀವು ನಾಟಕ ಬರೆಯುತ್ತಿದ್ದೀರಿ ಎಂದು ಹಾಳೆಯೇ ಹೇಳಿಬಿಡುತ್ತದೆ. ಎಷ್ಟು ನಿಮಿಷ ಎಂದು ತಿಳಿಯಬೇಕಾದರೆ ಗಡಿಯಾರ ಮುಂದಿಟ್ಟುಕೊಂಡು ಗಟ್ಟಿಯಾಗಿ ಓದಿ, ನಡೆಯುವಲ್ಲಿ ಎದ್ದು ನಡೆಯಿರಿ. ಸಾಫ್ಟ್‌ವೇರ್ ಯಾವುದಾದರೂ ಆಗಲಿ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿಟ್ಟ ನನ್ನ ಎರಡು ಚಿತ್ರಕಥೆಗಳು ಹೊಸ ಕಂಪ್ಯೂಟರಿನಲ್ಲಿ ಯಾವುದೋ ಮಂತ್ರದಂತೆ ಕಾಣುತ್ತವೆ. ಮಗಳು ಕುಳಿತು ಪರಿವರ್ತಿಸಿಕೊಟ್ಟಳು, ಬೈದುಕೊಂಡು.

ಮಧ್ಯಂತರ ಎಂಬುದು ಕಥೆಗೆ ಬೇಕೇ, ಕ್ಯಾಂಟೀನಿಗೆ ಬೇಕೇ?
*ಓದುಗ, ಚಿಂತಾಮಣಿ*

ಕ್ಯಾಂಟೀನಿಗೆ. ಆದರೆ ಅದು ಇದ್ದೇ ಇರುವುದರಿಂದ ಕಥೆಯೂ ಅದನ್ನು ದುಡಿಸಿಕೊಳ್ಳಬೇಕು. ಬೋಂಡಾ ತಿನ್ನುತ್ತಾ ಪ್ರೇಕ್ಷಕ 'ಮುಂದೇನು' ಎಂದು ಪಕ್ಕದವನನ್ನು ಕೇಳಿದರೆ ನಾವು ಗೆದ್ದೆವು. 'ಬಸ್ ಎಷ್ಟು ಹೊತ್ತಿಗೆ' ಎಂದು ಕೇಳಿದರೆ ಸೋತೆವು. ಒಟಿಟಿಗೆಂದೇ ಬರೆಯುವವರಿಗೆ ಈ ಕಾಟವಿಲ್ಲ. ಅವರಿಗೆ ಬೇರೆ ಕಾಟ: ನೋಡುವವನ ಕೈಯಲ್ಲೇ ರಿಮೋಟ್ ಇದೆ.

'ಬಜೆಟ್ ಕಥೆ ಇದ್ದರೆ ತನ್ನಿ' ಎನ್ನುತ್ತಾರೆ. ಎರಡೇ ಪಾತ್ರ, ಒಂದೇ ಮನೆ ಇಟ್ಟು ಬರೆದೆ. ಅದಕ್ಕೂ ಖರ್ಚು ಜಾಸ್ತಿ ಎಂದರು. ಇನ್ನೇನು ಬರೆಯಲಿ?
*ಓದುಗ, ಬಳ್ಳಾರಿ*

ನಿಮ್ಮ ಕಥೆಯ ಮನೆಯ ಹೊರಗೆ ಮಳೆ ಬರುತ್ತಿರಬೇಕು, ನೋಡಿ. 'ಹೊರಗೆ ಜೋರಾಗಿ ಮಳೆ' ಎಂದು ಬರೆಯಲು ಮೂರೇ ಪದ. ಚಿತ್ರೀಕರಣದ ದಿನ ಅದು ನೀರಿನ ಟ್ಯಾಂಕರು, ಪಂಪು, ಕೊಳವೆ, ಒದ್ದೆ ಬಟ್ಟೆಗೆ ಬದಲಿ ಬಟ್ಟೆ, ನೆನೆದ ನಟನಿಗೆ ಮರುದಿನದ ಜ್ವರ ಎಲ್ಲವೂ ಆಗುತ್ತದೆ. ರಾತ್ರಿ ಎಂಬ ಒಂದು ಪದ ಜನರೇಟರನ್ನೂ ದೀಪಗಳನ್ನೂ ಕರೆತರುತ್ತದೆ.

ನನ್ನ ಎರಡನೆಯ ಚಿತ್ರದ ಪ್ರೊಡಕ್ಷನ್ ಮ್ಯಾನೇಜರ್ ಹೆಚ್ಚು ಓದಿದವರಲ್ಲ, ಬೀಡಿ ಸೇದುತ್ತಾ ಕೂತಿರುತ್ತಿದ್ದರು. ನನ್ನ ಸೀನ್ ಆರ್ಡರನ್ನು, ಅಂದರೆ ದೃಶ್ಯಗಳ ಸಾಲುಪಟ್ಟಿಯನ್ನು, ಓದಿಸಿಕೊಂಡು ಕೇಳಿದರು: 'ಸ್ವಾಮಿ, ಇಪ್ಪತ್ತೆರಡನೆಯ ಸೀನು ಹಗಲಾದರೆ ಕಥೆಗೆ ಏನು ನಷ್ಟ?' ಅಣ್ಣ ತಮ್ಮಂದಿರು ಜಮೀನಿಗಾಗಿ ಜಗಳವಾಡುವ ದೃಶ್ಯ ಅದು. ಗಂಭೀರ ಜಗಳ ರಾತ್ರಿಯೇ ನಡೆಯಬೇಕೆಂದು ನಾನು ಯಾಕೋ ಅಂದುಕೊಂಡಿದ್ದೆ. ಹಗಲು ಮಾಡಿದೆ. ಹಗಲಾದ ಮೇಲೆ ದಾರಿಹೋಕರು ನಿಂತು ನೋಡುವಂತಾಯಿತು, ಮರ್ಯಾದೆಯ ಪ್ರಶ್ನೆ ಬಂತು, ಅಣ್ಣ ಸ್ವರ ತಗ್ಗಿಸಬೇಕಾಯಿತು. ದೃಶ್ಯ ಮೊದಲಿಗಿಂತ ಚೆನ್ನಾಯಿತು. ಚಿತ್ರಕಥೆಯ ಬಗ್ಗೆ ನನಗೆ ಸಿಕ್ಕ ಒಳ್ಳೆಯ ಟೀಕೆಗಳಲ್ಲಿ ಅವರದೂ ಒಂದು. ನಿಮ್ಮ ಕಥೆಯ ಪ್ರತಿ ದೃಶ್ಯಕ್ಕೂ ಅದೇ ಪ್ರಶ್ನೆ ಕೇಳಿಕೊಳ್ಳಿ. ಉತ್ತರ ಇದ್ದರೆ ಮಳೆ ಬರಲಿ, ಬಿಡಬೇಡಿ.

ಉತ್ತರ ಕರ್ನಾಟಕದ ಪಾತ್ರಗಳು ಚಿತ್ರಗಳಲ್ಲಿ ನಗಿಸುವುದಕ್ಕೇ ಏಕೆ ಬರುತ್ತವೆ? ನಮ್ಮವರು ಅಳುವುದಿಲ್ಲವೇ, ಪ್ರೀತಿಸುವುದಿಲ್ಲವೇ? ಆ ಭಾಷೆಯಾದರೂ ನಮ್ಮದೇ?
*ಓದುಗರು, ವಿಜಯಪುರ*

ನಿಮ್ಮ ಸಿಟ್ಟು ನ್ಯಾಯವಾದದ್ದು, ಅದರಲ್ಲಿ ನನ್ನ ಪಾಲೂ ಇದೆ. ಬೆಂಗಳೂರಿನ ಕೋಣೆಯಲ್ಲಿ ಕೂತು ನಾವು ಮೂವರು ಬರೆಯುತ್ತಿದ್ದೆವು. ಮೂವರೂ ಹಳೆ ಮೈಸೂರು ಕಡೆಯವರು. ಪಾತ್ರ ಧಾರವಾಡದ್ದು ಎಂದೊಡನೆ ಪ್ರತಿ ವಾಕ್ಯದ ಬಾಲಕ್ಕೆ 'ರೀ' ಕಟ್ಟಿದರೆ ಮುಗಿಯಿತು ಎಂದು ನಂಬಿದ್ದೆವು. ಚಿತ್ರೀಕರಣಕ್ಕೆ ಹುಬ್ಬಳ್ಳಿಗೆ ಹೋದಾಗ ಊಟ ಮಾಡುತ್ತಿದ್ದ ಖಾನಾವಳಿಯಲ್ಲಿ ನಮ್ಮ ನಟಿ ಮಾತು ಬಾಯಿಪಾಠ ಮಾಡುತ್ತಿದ್ದಳು. ಅಕ್ಕ ತಮ್ಮನೊಡನೆ ಅಕ್ಕರೆಯಿಂದ ಮಾತನಾಡುವ ದೃಶ್ಯ, ಸಾಲುಸಾಲಿಗೆ ರೀ. ರೊಟ್ಟಿ ಬಡಿಸುತ್ತಿದ್ದ ಖಾನಾವಳಿಯ ಅಮ್ಮ ಸ್ವಲ್ಪ ಹೊತ್ತು ಕೇಳಿಸಿಕೊಂಡು, 'ಆ ಅಕ್ಕನಿಗೆ ತಮ್ಮನ ಮೇಲೆ ಸಿಟ್ಟು ಬಂದಿದೆಯೇನು?' ಎಂದರು. ಯಾಕೆ ಎಂದೆ. 'ಬೆನ್ನಿಗೆ ಬಿದ್ದ ತಮ್ಮನಿಗೆ ಯಾರು ರೀ ಹಚ್ಚುತ್ತಾರೆ? ಮಾತು ಬಿಟ್ಟಾಗ ಹಚ್ಚುತ್ತಾರೆ.'

ಆ ರಾತ್ರಿ ಇಡೀ ದೃಶ್ಯವನ್ನು ಮತ್ತೆ ಬರೆದೆ. ಆ ಅಮ್ಮನ ಹೆಸರು ಚಿತ್ರದಲ್ಲಿ ಎಲ್ಲಿಯೂ ಬರಲಿಲ್ಲ. ಅದಕ್ಕೆ ನಾನೇ ಹೊಣೆ. ಅಂದಿನಿಂದ ಒಂದು ರೂಢಿ ಇಟ್ಟುಕೊಂಡಿದ್ದೇನೆ. ಯಾವುದೇ ಸೀಮೆಯ ಪಾತ್ರ ಬರಲಿ, ಕ್ರಿಯಾಪದ ಹೇಗೆ ತಿರುಗುತ್ತದೆ ಎಂದು ನೋಡುವ ಮೊದಲು ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಯಾವಾಗ ಆ ಕರೆ ಬದಲಾಗುತ್ತದೆ ಎಂದು ಕೇಳಿ ಬರೆದುಕೊಳ್ಳುತ್ತೇನೆ. ಕುಂದಾಪುರವಾಗಲಿ, ಕಲಬುರಗಿಯಾಗಲಿ, ಅರ್ಧ ಪಾತ್ರ ಅದರಲ್ಲೇ ಸಿಗುತ್ತದೆ. ಉಳಿದರ್ಧಕ್ಕೆ ಆ ಊರಿನವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಅವರಿಗೂ ದುಡ್ಡು ಕೊಡಬೇಕು. ನಿಮ್ಮ ಕಡೆಯವರು ಈಗೀಗ ತಾವೇ ಬರೆಯುತ್ತಿದ್ದಾರೆ. ಅದು ಸರಿಯಾದ ದಾರಿ.

ಒಳ್ಳೆಯ ಕಾದಂಬರಿಗಳನ್ನು ಚಿತ್ರ ಮಾಡಿ ಕೆಡಿಸುತ್ತಾರೆ. ಇದ್ದದ್ದನ್ನು ಇದ್ದಂತೆ ತೆಗೆದರೆ ಏನು ಕಷ್ಟ? ತ್ರಿವೇಣಿಯವರ ಕಾದಂಬರಿಯೊಂದನ್ನು ನನ್ನ ಮಗ ಕಿರುಚಿತ್ರ ಮಾಡಬೇಕೆಂದಿದ್ದಾನೆ. ಯಾರ ಅನುಮತಿ ಕೇಳಬೇಕು?
*ಗೃಹಿಣಿ, ಮೈಸೂರು*

ಇದ್ದಂತೆ ತೆಗೆಯಲು ಆಗುವುದಿಲ್ಲ ತಾಯಿ. ಕಾದಂಬರಿ ನಿಮ್ಮ ಮನೆಯಲ್ಲಿ ಒಂದು ವಾರ ಇರುತ್ತದೆ, ಚಿತ್ರಕ್ಕೆ ಎರಡೂವರೆ ಗಂಟೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ಮಾಡಿದರು. ಮೂರನ್ನು ಒಂದು ಮಾಡುವಾಗ ಎಷ್ಟು ಬಿಡಬೇಕಾಯಿತು ಎಂದು ಲೆಕ್ಕ ಹಾಕಿ. ಚಿತ್ರ ನೋಡಿದವರಿಗೆ ಬಿಟ್ಟದ್ದು ಕಾಣುವುದಿಲ್ಲ, ಚಿತ್ರದುರ್ಗದ ಕೋಟೆ ಕಾಣುತ್ತದೆ. ಬಿಡುವುದನ್ನೂ ಬದಲಿಸುವುದನ್ನೂ ಒಂದು ಕಲೆಯೆಂದೇ ಒಪ್ಪಿಕೊಂಡಿದ್ದರಿಂದ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ 2009ರ ಸಾಲಿನಿಂದ ಹಲವು ವರ್ಷ ಸ್ವತಂತ್ರ ಚಿತ್ರಕಥೆಗೆ ಬೇರೆ, ಆಧರಿಸಿದ ಚಿತ್ರಕಥೆಗೆ ಬೇರೆ ಪ್ರಶಸ್ತಿ ಕೊಟ್ಟರು. ಆಧರಿಸಿದ್ದಕ್ಕೆ ಆ ಮೊದಲ ವರ್ಷದ ಪ್ರಶಸ್ತಿ ಗಿರೀಶ ಕಾಸರವಳ್ಳಿ ಮತ್ತು ಗೋಪಾಲಕೃಷ್ಣ ಪೈ ಅವರಿಗೆ, ಕನ್ನಡಕ್ಕೇ ಬಂತು.

ಇನ್ನು ಅನುಮತಿ. ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ, ಅದೂ ಎಷ್ಟು ಚಿಕ್ಕ ವಯಸ್ಸಿನಲ್ಲಿ. ಅಂದರೆ ಅವರ ಬದುಕಿನ ಕಾಲದಲ್ಲೇ ಪ್ರಕಟವಾದ ಕಾದಂಬರಿಗಳ ಅವಧಿ 2023ರ ಕೊನೆಗೆ ಮುಗಿದಿದೆ. ನಿಧನಾನಂತರ ಪ್ರಕಟವಾದ ಕೃತಿಯಾದರೆ ಲೆಕ್ಕ ಪ್ರಕಟಣೆಯ ವರ್ಷದಿಂದ, ಆದ್ದರಿಂದ ನಿಮ್ಮ ಮಗ ಹಿಡಿದಿರುವ ಪುಸ್ತಕದ ಮೊದಲ ಮುದ್ರಣದ ವರ್ಷ ನೋಡಲಿ. ಮತ್ತೊಂದು ಎಚ್ಚರಿಕೆ: ಕಾದಂಬರಿ ಬೇರೆ, ಅದರ ಮೇಲೆ ಬಂದ ಚಿತ್ರ ಬೇರೆ. ಚಿತ್ರಕ್ಕೆ ಬಿಡುಗಡೆಯ ಮರುವರ್ಷದಿಂದ 60 ವರ್ಷ. ತ್ರಿವೇಣಿಯವರ ಕಾದಂಬರಿಯಿಂದಲೇ ಬಂದ 'ಬೆಳ್ಳಿಮೋಡ' ಚಿತ್ರ 1967ರದು. 2027ರ ಕೊನೆಯವರೆಗೆ ಅದಕ್ಕೆ ಒಡೆಯರಿದ್ದಾರೆ. ಪುಸ್ತಕದಲ್ಲಿಲ್ಲದ, ಚಿತ್ರದಲ್ಲಿ ಮಾತ್ರ ಇರುವ ಮಾತನ್ನೋ ದೃಶ್ಯವನ್ನೋ ಎತ್ತಿಕೊಂಡರೆ ತೊಂದರೆ. ಹಾಗಾಗಿ ಹುಡುಗ ಪುಸ್ತಕ ಓದಲಿ, ಚಿತ್ರವನ್ನು ಸದ್ಯಕ್ಕೆ ನೋಡುವುದೇ ಬೇಡ.

ಒಂದು ಚಿತ್ರಕ್ಕೆ ಎಂಟು ತಿಂಗಳು ಸಂಭಾಷಣೆ ಬರೆದೆ. ಅಡ್ವಾನ್ಸ್ ಎಂದು ಹದಿನೈದು ಸಾವಿರ ಕೊಟ್ಟರು. ಟೀಸರಿನಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ ಮೂರಕ್ಕೂ ನಿರ್ದೇಶಕರ ಹೆಸರೇ ಬಂದಿದೆ. ಕೇಳಿದರೆ 'ಮುಂದಿನ ಚಿತ್ರದಲ್ಲಿ ನೋಡೋಣ, ನೀನು ಮನೆಯ ಹುಡುಗ' ಎನ್ನುತ್ತಾರೆ. ಒಪ್ಪಂದ ಮಾಡಿಕೊಂಡಿಲ್ಲ. ಏನು ಮಾಡಲಿ?
*ನೊಂದ ಯುವಕ, ತುಮಕೂರು*

ಮನೆಯ ಹುಡುಗನಿಗೆ ಊಟ ಹಾಕುತ್ತಾರೆ, ಸಂಬಳ ಕೊಡುವುದಿಲ್ಲ. ನನಗೂ ಮೊದಲ ಅಡ್ವಾನ್ಸ್ ಎಂದು ವೀಳ್ಯದೆಲೆಯ ಮೇಲೆ 1,001 ರೂಪಾಯಿ ಇಟ್ಟು ಕೊಟ್ಟಿದ್ದರು. ಆ ಚಿತ್ರಕ್ಕೆ ನಾನು ಕಂಡ ಹಣ ಅದೊಂದೇ. ಎಲೆ ಅಡಿಕೆಯೇ ಒಪ್ಪಂದ ಎಂದು ಸಂತೋಷದಿಂದ ಮನೆಗೆ ಬಂದಿದ್ದೆ.

ಕನ್ನಡದ ಮೊದಲ ವಾಕ್ಚಿತ್ರ 1934ರಲ್ಲಿ ಬಂದಾಗಲೇ ಅದಕ್ಕೆ ಮಾತು, ಹಾಡು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು ಎಂದು ಇಂದಿಗೂ ಜನ ಹೆಸರು ಹೇಳುತ್ತಾರೆ. ಈ ಕಾಲದಲ್ಲಿ ನಿಮ್ಮ ಹೆಸರಿಗೆ ಎರಡು ಸೆಕೆಂಡು ಜಾಗವಿಲ್ಲವೆಂದರೆ ಏನರ್ಥ?

ನಿಮ್ಮ ಪರವಾಗಿ ಇರುವುದನ್ನು ಕೇಳಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು. ಹದಿನೈದು ಸಾವಿರ ಕೈಗಿಟ್ಟ ಮಾತ್ರಕ್ಕೆ ನೀವು ಬರೆದ ಪುಟಗಳ ಹಕ್ಕು ಅವರಿಗೆ ಹೋಗಿಬಿಡುವುದಿಲ್ಲ. ಸಹಿ ಮಾಡಿದ ಪತ್ರದಲ್ಲೂ ಅವಧಿ ನಮೂದಿಸದಿದ್ದರೆ ಅದು ಐದು ವರ್ಷ ಎಂದೇ ಅರ್ಥ. ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷ ಬಳಸದೆ ಬಿಟ್ಟರೆ, ಪತ್ರದಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಅದು ನಿಮಗೆ ಮರಳುತ್ತದೆ. ಹಕ್ಕನ್ನೆಲ್ಲ ಮಾರಿದ ಮೇಲೂ 'ಇದನ್ನು ಬರೆದವನು ನಾನು' ಎಂದು ಹೇಳಿಕೊಳ್ಳುವ ಹಕ್ಕು 57ನೆಯ ಕಲಮಿನಲ್ಲಿ ನಿಮಗೆ ಉಳಿದಿರುತ್ತದೆ. 2012ರ ತಿದ್ದುಪಡಿಯ ಬಳಿಕ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆಡೆ ಕೃತಿ ಬಳಕೆಯಾದಾಗ ಬರುವ ರಾಯಧನದ ಸಮಪಾಲನ್ನು ಬರಹಗಾರ ಬಿಟ್ಟುಕೊಡುವಂತೆಯೇ ಇಲ್ಲ, ಬಿಟ್ಟುಕೊಡುತ್ತೇನೆ ಎಂದು ಬರೆದುಕೊಟ್ಟರೂ ಅದು ನಿಲ್ಲುವುದಿಲ್ಲ. ಕಾಗದದ ಮೇಲೆ ಇಷ್ಟಿದೆ. ವಸೂಲಿ ಬೇರೆಯೇ ಕಥೆ, ಅದಕ್ಕೆ ಮಧ್ಯಂತರವೂ ಇಲ್ಲ.

ಈಗ ನೀವು ಮಾಡಬೇಕಾದದ್ದು: ಎಂಟು ತಿಂಗಳಲ್ಲಿ ಕಳುಹಿಸಿದ ಇ-ಮೇಲ್, ವಾಟ್ಸ್‌ಆ್ಯಪ್ ಸಂದೇಶ, ನಿಮ್ಮ ಕೈಬರಹದ ಪುಟ, ಹಣ ಬಂದ ಬ್ಯಾಂಕಿನ ವಿವರ ಎಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸಿ. ಹಣ ಕೊಡುವಾಗ ಶೇಕಡ 10ರಷ್ಟು ಟಿಡಿಎಸ್ ಎಂದು ಹಿಡಿದಿದ್ದರೆ ಆದಾಯ ತೆರಿಗೆಯ ಖಾತೆಯಲ್ಲಿ ನೋಡಿ. ವೃತ್ತಿ ಶುಲ್ಕವೆಂದು ಅವರೇ ತೋರಿಸಿದ್ದರೆ 'ಮನೆಯ ಹುಡುಗ' ಎಂಬ ಮಾತು ಅಲ್ಲಿಗೆ ಮುಗಿಯಿತು. ಆ ಜೋಡಿಸಿದ ಕಟ್ಟನ್ನು ವಕೀಲರಿಗೆ ತೋರಿಸಿ, ಚಿತ್ರ ಬಿಡುಗಡೆಯಾಗುವ ಮೊದಲೇ ಒಂದು ನೋಟಿಸ್ ಕಳುಹಿಸಿ. ಬಿಡುಗಡೆಯ ಮುಂಚಿನ ವಾರ ನಿರ್ಮಾಪಕರ ಕಿವಿ ತುಂಬ ಚುರುಕಾಗಿರುತ್ತದೆ, ಬಿಡುಗಡೆಯಾದ ಮೇಲೆ ಫೋನೇ ಸ್ವಿಚ್ ಆಫ್. ಜಗಳವಾದರೆ ಮುಂದೆ ಕೆಲಸ ಸಿಗುವುದಿಲ್ಲವೇನೋ ಎಂಬ ಭಯ ನಿಮಗಿದೆ. ಆ ಭಯ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ನನಗೆ ಒಬ್ಬರು ಹಾಗೆ ಬಾಗಿಲು ಮುಚ್ಚಿದರು. ಇನ್ನೊಬ್ಬರು 'ಇವನು ಲೆಕ್ಕದ ಮನುಷ್ಯ' ಎಂದು ಮೊದಲೇ ಚೆಕ್ ಬರೆದಿಟ್ಟು ಕರೆದರು.

ಮುಂದಿನ ಸಲ ಕಂತುಗಳನ್ನು ನೀವು ಪುಟ ಒಪ್ಪಿಸುವ ದಿನಗಳಿಗೆ ಜೋಡಿಸಿ: ಸಹಿಯ ದಿನ ಇಷ್ಟು, ಸೀನ್ ಆರ್ಡರ್ ಕೊಟ್ಟಾಗ ಇಷ್ಟು, ಸಂಭಾಷಣೆಯ ಪೂರ್ತಿ ಪ್ರತಿ ಕೊಟ್ಟಾಗ ಇಷ್ಟು. ಕೊನೆಯ ಕಂತನ್ನು 'ಬಿಡುಗಡೆಯ ಸಮಯದಲ್ಲಿ' ಎಂದು ಬರೆಯಲು ಬಿಡಬೇಡಿ, ಎಷ್ಟೋ ಚಿತ್ರಗಳು ಬಿಡುಗಡೆಯಾಗುವುದೇ ಇಲ್ಲ. ನಾನು ಡಬ್ಬಿಂಗ್ ಆರಂಭದ ದಿನಕ್ಕೆ ಇಡುತ್ತಿದ್ದೆ. ತುಟಿಗೆ ಮಾತು ಕೂರದಿದ್ದಾಗ ಅವರಿಗೆ ನಾನು ಬೇಕೇ ಬೇಕಾಗುತ್ತಿತ್ತು.

ನಿಮ್ಮ ಹೆಸರು ಪರದೆಯಲ್ಲಿ ಕಾಣದೆ ಬಹಳ ದಿನವಾಯಿತು. ಬರೆಯುವುದನ್ನು ಬಿಟ್ಟಿದ್ದೀರಾ?
*ಓದುಗ, ಕೋಲಾರ*

ಬಿಟ್ಟಿಲ್ಲ. ಕಳೆದ ವರ್ಷ ಒಂದು ಚಿತ್ರಕಥೆ ಮುಗಿಸಿ, ನೋಂದಾಯಿಸಿ, ಒಪ್ಪಂದ ಮಾಡಿಕೊಂಡೇ ಕೊಟ್ಟಿದ್ದೇನೆ. ಸಹಿಯಾದದ್ದು ಸೆಪ್ಟೆಂಬರ್ 12ರಂದು. ಪಿತೃಪಕ್ಷ ಕಳೆಯಲಿ ಎಂದರು, ಕಳೆಯಿತು. ಧನುರ್ಮಾಸ ಮುಗಿಯಲಿ ಎಂದರು. ಈಗ ಆಷಾಢ ಮುಗಿಯಲಿ ಎಂದಿದ್ದಾರೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಈ ಸೆಪ್ಟೆಂಬರ್ 12ಕ್ಕೆ ನನ್ನ ಹೆಂಡತಿ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಾಳೆ. ಅಷ್ಟರಲ್ಲಿ ಅವರು ಕೆಲಸ ಶುರುಮಾಡಿದರೆ ಸಂತೋಷ. ಇಲ್ಲವಾದರೆ ಹಕ್ಕು ಮರಳಿತು ಎಂದು ಒಂದು ಪತ್ರ ಕಳುಹಿಸಿ, ಕಟ್ಟನ್ನು ಟ್ರಂಕಿಗೆ ಇಳಿಸುತ್ತೇನೆ. ಅದರ ಅರವತ್ತೊಂದನೆಯ ದೃಶ್ಯದಲ್ಲಿ ಒಬ್ಬ ತಂದೆ ಛತ್ರದ ಅಡುಗೆಮನೆಯಲ್ಲಿ ಪಾತ್ರೆ ಎಣಿಸುತ್ತಾನೆ. ಕಡಿಮೆ ಬಂದಿರುವುದು ಕೊಳಗವೇ, ಸೌಟಲ್ಲ.